ಗಾಳಿರಾಯನ ಅಪ್ಪಣೆ

ಗ್ರೀಸ್ ದೇಶದ ನಕ್ಷೆಯನ್ನು ಮೇಜಿನ ಮೇಲೆ ಹರಡಿದರೆ ಮೊದಲು ಕಣ್ಣಿಗೆ ಬೀಳುವುದು ನೆಲವಲ್ಲ, ನೀರು. ಆ ನೀರಿನ ತುಂಬ ಯಾರೋ ಮಂತ್ರಾಕ್ಷತೆ ಎರಚಿದಂತೆ ದ್ವೀಪಗಳು. ಬರಿಯ ಬಂಡೆದಿಣ್ಣೆಗಳನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು 6,000 ಎನ್ನುತ್ತಾರೆ. ಒಲೆಯ ಹೊಗೆ ಏಳುವ, ಎಂದರೆ ಜನವಸತಿಯುಳ್ಳ ದ್ವೀಪಗಳು ಇನ್ನೂರಕ್ಕೆ ತುಸು ಮೇಲೆ, ಅಷ್ಟೆ. ದೊಡ್ಡವಕ್ಕೆ ವಿಮಾನವುಂಟು, ಉಳಿದವಕ್ಕೆ ಕಾರು ಲಾರಿಗಳನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಸಾಗುವ ಹಡಗುಗಳುಂಟು. ಇಷ್ಟೆಲ್ಲ ಅನುಕೂಲವಿದ್ದೂ ಪ್ರತಿ ಬೇಸಿಗೆಯಲ್ಲಿ ಸಾವಿರಾರು ಜನ ರಜೆ ಪಡೆದು, ಕೈಯಿಂದ ಹಣ ತೆತ್ತು, ಮೂವತ್ತು ನಲವತ್ತು ಅಡಿ ಉದ್ದದ ಹಾಯಿನೌಕೆಯೊಂದನ್ನು ಬಾಡಿಗೆಗೆ ಹಿಡಿದು ಅದೇ ದ್ವೀಪಗಳಿಗೆ ಹೊರಡುತ್ತಾರೆ. ಲಾವ್ರಿಯೋ ಬಂದರಿನಿಂದ ಕೇಯಾ ದ್ವೀಪಕ್ಕೆ ಹಡಗು ಒಂದು ಗಂಟೆಯಲ್ಲಿ ಮುಟ್ಟಿಸುತ್ತದೆ. ಹಾಯಿನೌಕೆಗೆ ಮೂರು ಗಂಟೆಯಾದರೂ ಬೇಕು. ಅದೂ ಗಾಳಿ ಮನಸ್ಸು ಮಾಡಿದರೆ. ಮಾಡದಿದ್ದರೆ ಮೂರು ದಿನ ಬಂದರಿನಲ್ಲೇ ಕುಳಿತಿರಬೇಕಾದೀತು.

ಯಾಟ್ ಎಂದೊಡನೆ ಬಿಳಿಯ ಷರಾಯಿ ತೊಟ್ಟ ಕೋಟ್ಯಧೀಶರೂ ಸಿನಿಮಾ ತಾರೆಯರೂ ಕಣ್ಣ ಮುಂದೆ ಬರುವುದು ವಾಡಿಕೆ. ಅಂಥ ತೇಲುವ ಅರಮನೆಗಳೂ ಆ ಕಡಲಿನಲ್ಲಿ ಇಲ್ಲದೆ ಇಲ್ಲ. ಆದರೆ ಇಲ್ಲಿ ಹೇಳಹೊರಟಿರುವುದು ಸಾಮಾನ್ಯ ಗೃಹಸ್ಥರ ನೌಕೆಯ ಮಾತು. ರೈಲುಡಬ್ಬಿಯ ಮಲಗುವ ಹಲಗೆಗಳಂಥ ಹಾಸಿಗೆ, ಮೊಣಕೈ ಆಡಿಸಲು ಎಡೆಯಿಲ್ಲದ ಅಡಿಗೆಮನೆ, ಅಳೆದು ಬಳಸಬೇಕಾದ ಸಿಹಿನೀರು. ಇದು ಅದರ ಸಂಸಾರ. ನೌಕೆಯ ಅಡಿಯಲ್ಲಿ ಟನ್ನುಗಟ್ಟಲೆ ತೂಗುವ ಕಬ್ಬಿಣದ ಅಥವಾ ಸೀಸದ ರೆಕ್ಕೆಯೊಂದಿರುತ್ತದೆ. ಮೇಲೆ ಗಾಳಿ ಎಷ್ಟು ನೂಕಿದರೂ ಕೆಳಗಿನ ಈ ಭಾರ ನೌಕೆಯನ್ನು ಮತ್ತೆ ನಿಲ್ಲಿಸುತ್ತದೆ. ನೌಕೆ ಪಕ್ಕಕ್ಕೆ ವಾಲಿ ಅಂಚು ನೀರನ್ನು ಮುಟ್ಟಿದಾಗ ಹೊಸಬರು ಕುಲದೇವರನ್ನು ನೆನೆಯುತ್ತಾರೆ. ಬಲ್ಲವರು ಚಹಾದ ಬಟ್ಟಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾರೆ. ಬಾಡಿಗೆಗೆ ಕೊಡುವ ಮುನ್ನ ಗ್ರೀಕ್ ಬಂದರಿನ ಅಧಿಕಾರಿಗಳು ಪರವಾನೆಯನ್ನು ಕೇಳುತ್ತಾರೆ. ನೌಕೆ ನಡೆಸುವವನಿಗೆ ಅರ್ಹತಾಪತ್ರವಿರಬೇಕು. ಜೊತೆಗೆ ಆ ಕೆಲಸ ಬಲ್ಲ ಇನ್ನೊಬ್ಬರೂ ಇರಬೇಕು. ನಾಯಕ ಕಾಲು ಜಾರಿ ಸಮುದ್ರಕ್ಕೆ ಬಿದ್ದರೆ ನೌಕೆಯನ್ನು ಹಿಂದಿರುಗಿಸಿ ಅವನನ್ನು ಎತ್ತಿಕೊಳ್ಳುವವರು ಯಾರು ಎಂಬುದು ಈ ನಿಯಮದ ಹಿಂದಿರುವ ಪ್ರಶ್ನೆ.

ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಎದುರಾಗಿ ಯಾವ ಹಾಯಿನೌಕೆಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗುತ್ತ, ಆಗುಂಬೆಯ ಘಾಟಿಯನ್ನು ಬಸ್ಸು ಹತ್ತುವಂತೆ ಮೇಲೇರಬೇಕು. ಹತ್ತು ಮೈಲಿಯ ದಾರಿ ಹೀಗೆ ಹದಿನಾಲ್ಕಾಗುತ್ತದೆ. ಡೀಸೆಲ್ ಯಂತ್ರವೂ ಇದೆ, ನಿಜ; ಎದುರುಗಾಳಿಯೂ ಎದುರಲೆಯೂ ಕೂಡಿ ಬಂದಾಗ ಅದರ ಪೌರುಷ ಅಷ್ಟಕ್ಕಷ್ಟೆ.

ಅಥೆನ್ಸ್ ನಗರದ ಕಡೆಯಿಂದ ಹೊರಟ ನೌಕೆಗೆ ನಾಡಿನ ಕೊನೆಯ ಗುರುತು ಸೂನಿಯೋ ಭೂಶಿರ. ಸುಮಾರು 60 ಮೀಟರ್ ಎತ್ತರದ ಕಡಿದಾದ ಬಂಡೆಯ ನೆತ್ತಿಯಲ್ಲಿ ಸಮುದ್ರದೇವನಾದ ಪೊಸೈಡನ್ನನ ದೇವಾಲಯ. ಕ್ರಿಸ್ತಪೂರ್ವ 5ನೆಯ ಶತಮಾನದ ಅದರ ಬಿಳಿಗಂಬಗಳು ನಾವಿಕರಿಗೆ ಬಹು ದೂರದಿಂದ ಕಾಣುತ್ತವೆ. ಗಂಬವೊಂದರ ಮೇಲೆ ಇಂಗ್ಲಿಷ್ ಕವಿ ಬೈರನ್ನನ ಹೆಸರು ಕೊರೆದಿದೆ. ದೇವಸ್ಥಾನದ ಕಲ್ಲಿನ ಮೇಲೆ ಹೆಸರು ಕೊರೆಯುವ ಚಪಲ ಹಂಪೆಯ ಪ್ರವಾಸಿಗಳಿಗೆ ಮಾತ್ರ ಇರುವುದಲ್ಲವೆಂಬುದು ಒಂದು ಸಮಾಧಾನ. ಪುರಾಣದ ಏಜಿಯಸ್ ದೊರೆ ಮಗನ ದಾರಿ ಕಾಯುತ್ತ ನಿಂತದ್ದು ಇಲ್ಲಿಯೇ ಎಂದು ಒಂದು ಕಥೆ. ಕ್ರೀಟ್ ದ್ವೀಪದ ರಾಕ್ಷಸನಿಗೆ ಬಲಿಯಾಗಲಿದ್ದ ಹದಿನಾಲ್ಕು ಮಂದಿ ತರುಣ ತರುಣಿಯರೊಡನೆ ರಾಜಕುಮಾರ ಥೀಸಿಯಸ್ ಹೊರಟಾಗ, ಗೆದ್ದು ಬಂದರೆ ಕರಿಯ ಹಾಯಿಯನ್ನು ಇಳಿಸಿ ಬಿಳಿಯದನ್ನು ಏರಿಸುವುದೆಂದು ಮಾತಾಗಿತ್ತು. ಮಗ ಗೆದ್ದ, ಗೆಲುವಿನ ಭರದಲ್ಲಿ ಹಾಯಿಯನ್ನು ಮರೆತ. ಕರಿಯ ಹಾಯಿಯನ್ನು ಕಂಡ ತಂದೆ ಬಂಡೆಯ ಮೇಲಿನಿಂದ ಕಡಲಿಗೆ ಹಾರಿದ. ಆ ಕಡಲಿಗೆ ಏಜಿಯನ್ ಎಂಬ ಹೆಸರು ಅವನಿಂದ ಬಂದುದೆನ್ನುತ್ತಾರೆ.

ಸೂನಿಯೋ ದಾಟಿದರೆ ಕೇಯಾ. ನಡುವಿನ ಕಾಲುವೆಯ ತಳದಲ್ಲಿ, ಸುಮಾರು 120 ಮೀಟರ್ ಆಳದಲ್ಲಿ, ಟೈಟಾನಿಕ್ ಹಡಗಿನ ತಂಗಿ ಬ್ರಿಟಾನಿಕ್ ಮಲಗಿದ್ದಾಳೆ. ಮೊದಲನೆಯ ಮಹಾಯುದ್ಧದಲ್ಲಿ ತೇಲುವ ಆಸ್ಪತ್ರೆಯಾಗಿದ್ದ ಆ ಹಡಗು 1916ರ ನವೆಂಬರ್ 21ರಂದು ಜರ್ಮನರು ಹೂತಿಟ್ಟ ಸ್ಫೋಟಕಕ್ಕೆ ತಗುಲಿ 55 ನಿಮಿಷಗಳಲ್ಲಿ ಮುಳುಗಿತು. ಒಳಗಿದ್ದವರು ಸಾವಿರಕ್ಕೂ ಮೇಲೆ; ಸತ್ತವರು 30. ಆ ಮೂವತ್ತರಲ್ಲಿ ಹೆಚ್ಚಿನವರು ಅವಸರದಿಂದ ಇಳಿಸಿದ ದೋಣಿಗಳು ಇನ್ನೂ ತಿರುಗುತ್ತಿದ್ದ ಹಡಗಿನ ಚಕ್ರಕ್ಕೆ ಸಿಕ್ಕಿದ್ದರಿಂದ ಸತ್ತರು. ಹಾಗೆ ಸಿಕ್ಕಲಿದ್ದ ದೋಣಿಯಿಂದ ನೀರಿಗೆ ಹಾರಿ ಉಳಿದುಕೊಂಡವಳು ವಯೊಲೆಟ್ ಜೆಸಪ್ ಎಂಬ ದಾದಿ. ನಾಲ್ಕು ವರ್ಷ ಮೊದಲು ಟೈಟಾನಿಕ್ ಮುಳುಗಿದಾಗಲೂ ಅದರಲ್ಲಿ ಪರಿಚಾರಿಕೆಯಾಗಿದ್ದು ಬದುಕಿ ಬಂದವಳೂ ಇವಳೇ! ಟೈಟಾನಿಕ್ ಬಿಟ್ಟು ಬಂದಾಗ ಹಲ್ಲುಜ್ಜುವ ಬ್ರಷ್ಷಿಲ್ಲದೆ ಪೇಚಾಡಿದ್ದವಳು, ಈ ಸಲ ಕೋಣೆಯಿಂದ ಓಡುವಾಗ ಅದನ್ನು ಮರೆಯದೆ ಎತ್ತಿಕೊಂಡಳಂತೆ. ಅಪಘಾತದ ಸುದ್ದಿ ತಿಳಿದೊಡನೆ ಕೇಯಾದ ಬೆಸ್ತರು ತಮ್ಮ ದೋಣಿಗಳನ್ನು ನೀರಿಗಿಳಿಸಿದರು. ಮುಳುಗಿದ ಹಡಗನ್ನು 1975ರಲ್ಲಿ ಪತ್ತೆ ಹಚ್ಚಿದವನು ಫ್ರೆಂಚ್ ಸಾಗರ ಸಂಶೋಧಕ ಜಾಕ್ ಕೂಸ್ತೋ.

ಇದೇ ಕೇಯಾ ದ್ವೀಪಕ್ಕೂ ಏಜಿಯನ್ ಕಡಲಿನ ಗಾಳಿಗೂ ಒಂದು ಹಳೆಯ ನಂಟು. ಲುಬ್ಧಕ ನಕ್ಷತ್ರದ ಬೇಗೆಗೆ ದ್ವೀಪಗಳು ಬೆಂದು ಹೋಗುತ್ತಿದ್ದಾಗ ಅರಿಸ್ಟಿಯಸ್ ಎಂಬಾತ ಇಲ್ಲಿ ಬಲಿಪೀಠ ಕಟ್ಟಿ ಸ್ಯೂಸ್ ದೇವನನ್ನು ಮೆಚ್ಚಿಸಿದ. ದೇವನು ನಲವತ್ತು ದಿನ ಬೀಸುವ ತಣ್ಣನೆಯ ಬಡಗಣ ಗಾಳಿಯನ್ನು ವರವಾಗಿ ಕೊಟ್ಟ. ಪ್ರಾಚೀನರು ಅದನ್ನು ಎಟೀಸಿಯನ್, ಎಂದರೆ ವರ್ಷ ವರ್ಷ ಬರುವ ಗಾಳಿ, ಎಂದರು. ಇಂದಿನ ನಾವಿಕರ ಬಾಯಲ್ಲಿ ಅದು ಮೆಲ್ತೆಮಿ.

ಮೆಲ್ತೆಮಿಯ ಮೋಸವಿರುವುದು ಅದರ ಚೆಲುವಿನಲ್ಲಿ. ಬಿರುಗಾಳಿ ಎಂದರೆ ಕಾರ್ಮೋಡ, ಮಿಂಚು, ಗುಡುಗು ಎಂದು ಬಲ್ಲವರಿಗೆ ಇದು ಅರ್ಥವಾಗದು. ಆಕಾಶ ತೊಳೆದಿಟ್ಟ ಗಾಜಿನಂತಿರುತ್ತದೆ, ಒಂದು ಹಿಡಿ ಮೋಡವಿಲ್ಲ, ಬಿಸಿಲು ಫಳಫಳ. ಆ ಬಿಸಿಲಿನಲ್ಲೇ ಗಂಟೆಗೆ 40, 50 ಕಿಲೋಮೀಟರ್, ಕೆಲವೊಮ್ಮೆ 70 ಕಿಲೋಮೀಟರ್ ವೇಗದ ಗಾಳಿ ಎದ್ದು ಕಡಲೆಲ್ಲ ಬಿಳಿಯ ನೊರೆಯಾಗುತ್ತದೆ. ಹಿಡಿದರೆ ಮೂರು ದಿನ. ಕೆಲವೊಮ್ಮೆ ವಾರ ಕಳೆದರೂ ಬಿಡದು. ದ್ವೀಪದ ಮರೆಗೆ ಹೋದರೆ ಕ್ಷೇಮವೆಂದು ಹೊಸಬನು ತಿಳಿಯುತ್ತಾನೆ. ಆಂಡ್ರೋಸ್, ಟೀನೋಸ್, ಅಮೋರ್ಗೋಸ್‌ಗಳಂಥ ಎತ್ತರದ ದ್ವೀಪಗಳಲ್ಲಿ ಗಾಳಿ ಬೆಟ್ಟದ ನೆತ್ತಿಯನ್ನು ಹತ್ತಿ, ಆಚೆ ಬದಿಯಲ್ಲಿ ಕೆಳಕ್ಕೆ ಉರುಳಿ, ಮರೆಯೆಂದು ನಂಬಿ ಬಂದವನ ತಲೆಯ ಮೇಲೆ ಇಮ್ಮಡಿಯಾಗಿ ಎರಗುತ್ತದೆ.

ಇದು ಬಲಿಯುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಕನ್ನಡ ನಾಡಿನ ರೈತನು ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಯ ಹೆಸರುಗಳನ್ನು ಎಣಿಸುವ ದಿನಗಳೇ ಅವು. ಇದು ಬರಿಯ ಕಾಕತಾಳೀಯವಲ್ಲ. ಬೇಸಿಗೆಯಲ್ಲಿ ದಕ್ಷಿಣ ಏಷ್ಯದ ಮೇಲೆ ಏರ್ಪಟ್ಟು, ಅರಬ್ಬೀ ಸಮುದ್ರದ ಮೋಡಗಳನ್ನು ಸಹ್ಯಾದ್ರಿಗೆ ಎಳೆತರುವ ವಿಶಾಲವಾದ ಕಡಿಮೆ ಒತ್ತಡದ ಪ್ರದೇಶದ ಬಾಲ ಪಡುವಣಕ್ಕೆ ತುರ್ಕಿಯವರೆಗೂ ಚಾಚುತ್ತದೆ. ಬಾಲ್ಕನ್ ನಾಡಿನ ಮೇಲಿನ ಹೆಚ್ಚು ಒತ್ತಡದ ಗಾಳಿ ಆ ಕಡೆಗೆ ಹರಿಯುವಾಗ ಏಜಿಯನ್ ಕಡಲಿನ ಮೇಲೆ ಬಡಗಣಿಂದ ಬೀಸುತ್ತದೆ. ಅಷ್ಟೇ ಅಲ್ಲ: ಮುಂಗಾರಿನಲ್ಲಿ ಮೇಲಕ್ಕೇರುವ ಗಾಳಿಗೆ ಪ್ರತಿಯಾಗಿ ಮೆಡಿಟರೇನಿಯನ್ನಿನ ಮೂಡಣ ಭಾಗದಲ್ಲಿ ಗಾಳಿ ಕೆಳಗಿಳಿದು ಅಲ್ಲಿನ ಆಕಾಶವನ್ನು ಒಣಗಿಸುತ್ತದೆಂದು 1990ರ ದಶಕದಿಂದೀಚೆಗೆ ಹವಾಮಾನಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಆಗುಂಬೆಯಲ್ಲಿ ಸೂರು ಸೋರುವುದಕ್ಕೂ ಕೇಯಾದಲ್ಲಿ ಕೊಡೆ ಮಾರದಿರುವುದಕ್ಕೂ ಸಂಬಂಧವುಂಟೆಂದಾಯಿತು. ಮುಂಗಾರಿನ ಗುಟ್ಟು ತಿಳಿದ ಗ್ರೀಕ್ ನಾವಿಕರು ಎರಡು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನಿಂದ ಭಾರತದ ಪಡುವಣ ಕರಾವಳಿಗೆ ಬರುತ್ತಿದ್ದರು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ರಾಜನಾಡುವ ಮಾತುಗಳು ಕನ್ನಡವೆಂದು ಆರ್. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದ್ದನ್ನು ಹಿರಿಯ ವಾಚಕರು ಬಲ್ಲರು. ವಿದ್ವಾಂಸರೆಲ್ಲರೂ ಅದನ್ನು ಒಪ್ಪಿಲ್ಲ. ಆ ಜಗಳ ಇಲ್ಲಿ ಬೇಡ.

ಗಾಳಿಯಿಂದ ರಾಜಕಾರಣವೂ ನಡೆದಿದೆ. ಈ ಬಡಗಣ ಗಾಳಿ ಬೀಸುವ ಕಾಲ ನೋಡಿಯೇ ಮ್ಯಾಸಿಡೋನಿಯದ ಫಿಲಿಪ್ ದಂಡೆತ್ತಿ ಹೋಗುತ್ತಾನೆ, ಅಥೆನ್ಸಿನ ಹಡಗುಗಳು ಆಗ ಎದುರುಗಾಳಿಯಲ್ಲಿ ಅಲ್ಲಿಗೆ ಮುಟ್ಟಲಾರವು ಎಂದು ಕ್ರಿಸ್ತಪೂರ್ವ 351ರಲ್ಲಿ ಡೆಮಾಸ್ತನೀಸ್ ತನ್ನ ಜನರನ್ನು ಎಚ್ಚರಿಸಿದ್ದ. ಫಿಲಿಪ್ಪನ ಮಗನೇ ಅಲೆಕ್ಸಾಂಡರ್.

ಇನ್ನು ಬಂದರು ಸೇರುವ ಪ್ರಸಂಗ. ಕಡಲಿನಲ್ಲಿ ಉಳಿಸಿಕೊಂಡ ಮಾನವನ್ನು ಕಳೆದುಕೊಳ್ಳುವ ಸ್ಥಳ ಇದು. ಗ್ರೀಕ್ ದ್ವೀಪಗಳ ಕಟ್ಟೆಗಳಲ್ಲಿ ಜಾಗ ಕಡಿಮೆ. ಆದುದರಿಂದ ನೌಕೆಗಳು ಪಕ್ಕಕ್ಕೆ ಪಕ್ಕ ಹಚ್ಚಿ, ಕಟ್ಟೆಗೆ ಬೆನ್ನು ಮಾಡಿ ನಿಲ್ಲಬೇಕು. ಕಟ್ಟೆಯಿಂದ ನಾಲ್ಕಾರು ನೌಕೆಯುದ್ದ ದೂರದಲ್ಲಿ ಮುಂಭಾಗದ ಲಂಗರನ್ನು ಕೆಳಗೆ ಬಿಟ್ಟು, ಸರಪಳಿಯನ್ನು ಸಡಿಲಿಸುತ್ತ, ಹಿಮ್ಮುಖವಾಗಿ ಸರಿದು, ಎರಡು ನೌಕೆಗಳ ನಡುವಿನ ಸಂದಿಗೆ ನುಸುಳಬೇಕು. ಅದೇ ಗಳಿಗೆಗೆ ಗಾಳಿ ಪಕ್ಕದಿಂದ ನೂಕುತ್ತದೆ. ಗಂಡ ಚುಕ್ಕಾಣಿಯಿಂದ ಕೂಗಿದ್ದು ಮುಂಭಾಗದಲ್ಲಿ ಲಂಗರು ಹಿಡಿದ ಹೆಂಡತಿಗೆ ಕೇಳಿಸುವುದಿಲ್ಲ. ಕೇಳಿಸಿದರೂ ಆ ಸ್ವರದಲ್ಲಿ ಹೇಳಿದ್ದನ್ನು ಮಾಡಲು ಆಕೆಗೆ ಮನಸ್ಸಿಲ್ಲ. ನೆರೆಯ ನೌಕೆಗಳವರೆಲ್ಲ ರಬ್ಬರು ದಿಂಬುಗಳನ್ನು ಹಿಡಿದು ಓಡಿಬರುತ್ತಾರೆ. ಕಟ್ಟೆಯ ಮೇಲಿನ ಹೋಟೆಲುಗಳಲ್ಲಿ ಕುಳಿತವರು ಊಟ ನಿಲ್ಲಿಸಿ ಕುರ್ಚಿಗಳನ್ನು ಇತ್ತ ತಿರುಗಿಸಿಕೊಳ್ಳುತ್ತಾರೆ. ಟಿಕೇಟಿಲ್ಲದ ನಾಟಕ! ಕಟ್ಟಿದ ಮೇಲಾದರೂ ಶಾಂತಿಯೆಂದರೆ ಅದೂ ಇಲ್ಲ. ಒಬ್ಬನ ಸರಪಳಿಯ ಮೇಲೆ ಇನ್ನೊಬ್ಬನ ಸರಪಳಿ ಬಿದ್ದಿರುತ್ತದೆ. ಬೆಳಗ್ಗೆ ಮೊದಲು ಹೊರಟವನು ತನ್ನ ಲಂಗರಿನೊಡನೆ ನೆರೆಯವನದನ್ನೂ ಎಬ್ಬಿಸಿಕೊಂಡು ಹೋಗುತ್ತಾನೆ. ರಾಷ್ಟ್ರ ರಾಷ್ಟ್ರಗಳ ನಡುವೆ ಸ್ನೇಹ ಬೆಳೆಯುವುದೂ ಮುರಿಯುವುದೂ ಹೀಗೆಯೇ.

ನಿಜವಾದ ಅಪಾಯ ಬೇರೆ. ನೌಕೆಗಳ ಬಾಡಿಗೆ ಬಹುಮಟ್ಟಿಗೆ ಶನಿವಾರದಿಂದ ಶನಿವಾರಕ್ಕೆ. ವಿಮಾನದ ಟಿಕೇಟು ಮೊದಲೇ ಕೊಂಡದ್ದು. ಕಚೇರಿ ಸೋಮವಾರ ತೆರೆಯುತ್ತದೆ. ಗುರುವಾರ ಮೆಲ್ತೆಮಿ ಎದ್ದರೆ? ಹೋಗುವಾಗ ಬೆನ್ನ ಹಿಂದಿನಿಂದ ನೂಕಿ ಸಲೀಸಾಗಿ ತೆಂಕಣಕ್ಕೆ ಕರೆದೊಯ್ದ ಗಾಳಿಯೇ ಮರಳುವಾಗ ಮುಖಕ್ಕೆ ಹೊಡೆಯುತ್ತದೆ. ಗಾಳಿ ಬಂದಾಗ ತೂರಿಕೋ ಎಂಬುದು ಕಣದಲ್ಲಿ ನಿಂತವನಿಗೆ ಹೇಳಿದ ಮಾತು. ಏಜಿಯನ್ ಬಂದರಿನ ಬೆಸ್ತನು ಗಾಳಿ ಬಂದಾಗ ಬಲೆ ಹೊಲಿಯುತ್ತ ಕೂಡುತ್ತಾನೆ. ಗಾಳಿ ಮಿತಿ ಮೀರಿದಾಗ ಪ್ರಯಾಣಿಕರ ದೊಡ್ಡ ಹಡಗುಗಳನ್ನೇ ಬಂದರಿನ ಅಧಿಕಾರಿಗಳು ತಡೆದು ನಿಲ್ಲಿಸುತ್ತಾರೆ. ಆದರೂ ಶನಿವಾರದ ಭಯದಿಂದ ಹೊರಬೀಳುವ ಗೃಹಸ್ಥರು ಪ್ರತಿ ವರ್ಷವೂ ಉಂಟು. ಹರಿದ ಹಾಯಿ, ನೆಲ ಹಿಡಿದ ಹೆಂಡತಿ, ವಾಂತಿಯಿಂದ ಬಸವಳಿದ ಮಕ್ಕಳು. ಬಹುಮಂದಿಗೆ ಅಷ್ಟರಲ್ಲಿ ಮುಗಿಯುತ್ತದೆ. ದೊಡ್ಡ ಹಡಗಾದರೆ ಗಾಳಿಯ ಭಯವಿಲ್ಲವೆಂಬ ಧೈರ್ಯವೂ ಸಲ್ಲದು. 2000ದ ಸೆಪ್ಟೆಂಬರ್ 26ರ ರಾತ್ರಿ, ಬಲವಾದ ಗಾಳಿಯಿದ್ದಾಗ, 500ಕ್ಕೂ ಹೆಚ್ಚು ಜನರನ್ನು ಹೊತ್ತ ಎಕ್ಸ್‌ಪ್ರೆಸ್ ಸಮೀನಾ ಎಂಬ ಹಡಗು ಪಾರೋಸ್ ದ್ವೀಪದ ಬಾಗಿಲಲ್ಲೇ ಪೋರ್ತೆಸ್ ಬಂಡೆಗಳಿಗೆ ಬಡಿದು ಮುಳುಗಿತು. ಬಂಡೆಯ ಮೇಲೆ ದೀಪವಿತ್ತು, ಚುಕ್ಕಾಣಿ ಯಂತ್ರದ ವಶದಲ್ಲಿತ್ತು, ನೋಡಬೇಕಾದವರು ನೋಡುತ್ತಿರಲಿಲ್ಲ. ಸತ್ತವರು 80ಕ್ಕೂ ಮೇಲೆ. ಕತ್ತಲಲ್ಲಿ ಮುಳುಗುವವರನ್ನು ಎತ್ತಿಕೊಳ್ಳಲು ಧಾವಿಸಿದವರಲ್ಲಿ ಮೊದಲಿಗರು ಪಾರೋಸಿನ ಬೆಸ್ತರು.

ಕೇಯಾ ಬಿಟ್ಟು ಕಿತ್ನೋಸ್, ಸೀರೋಸ್ ದಾಟಿ ಮೂಡಣಕ್ಕೆ ಸಾಗಿದ ನೌಕೆ ಕಡೆಗೆ ದೀಲೋಸ್ ದ್ವೀಪವನ್ನು ಕಾಣುತ್ತದೆ. ಪಿರೇಯಸ್ ಬಂದರಿನಿಂದ ಲೆಕ್ಕ ಹಾಕಿದರೆ ಸುಮಾರು 90 ಸಮುದ್ರಮೈಲಿಗಳ ದಾರಿ. ಅಪೋಲೋ ದೇವನು ಹುಟ್ಟಿದ ನೆಲವಿದು. ಇದನ್ನು ಸುತ್ತುವರಿದು ನಿಂತುದರಿಂದಲೇ ಈ ದ್ವೀಪಸಮೂಹಕ್ಕೆ ಚಕ್ರವೆಂಬರ್ಥದ ಸೈಕ್ಲಡೀಸ್ ಎಂಬ ಹೆಸರು. ಕ್ರಿಸ್ತಪೂರ್ವ 426ರಲ್ಲಿ ಅಥೆನ್ಸಿನವರು ಇಲ್ಲಿನ ಗೋರಿಗಳನ್ನೆಲ್ಲ ಅಗೆಸಿ ಪಕ್ಕದ ರೀನಿಯಾ ದ್ವೀಪಕ್ಕೆ ಸಾಗಿಸಿ, ಇನ್ನು ಮುಂದೆ ದೀಲೋಸಿನಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು ಎಂದು ವಿಧಿಸಿದರು. ಇಂದಿಗೂ ಪ್ರವಾಸಿಗಳಿಗೆ ಅಲ್ಲಿ ರಾತ್ರಿ ತಂಗಲು ಅನುಮತಿಯಿಲ್ಲ. ಹಗಲು ಅಮೃತಶಿಲೆಯ ಸಿಂಹಗಳನ್ನು ನೋಡಿಕೊಂಡು ಸಂಜೆಗೆ ಲಂಗರು ಎತ್ತಬೇಕು.

ಥೀಸಿಯಸ್ ಬದುಕಿ ಬಂದ ನೆನಪಿಗಾಗಿ ಅಥೆನ್ಸಿನವರು ಪ್ರತಿ ವರ್ಷ ದೀಲೋಸಿಗೆ ಒಂದು ಪವಿತ್ರ ಹಡಗನ್ನು ಕಳುಹಿಸುತ್ತಿದ್ದರು. ಅರ್ಚಕನು ಹಡಗಿಗೆ ಹೂಮಾಲೆ ಮುಡಿಸಿದ ಗಳಿಗೆಯಿಂದ ಅದು ಮರಳಿ ಬರುವವರೆಗೆ ನಗರ ಶುದ್ಧವಾಗಿರಬೇಕು, ಯಾರಿಗೂ ಮರಣದಂಡನೆಯಾಗಕೂಡದು. ಕ್ರಿಸ್ತಪೂರ್ವ 399ರಲ್ಲಿ ಆ ಮಾಲೆ ಬಿದ್ದ ಮರುದಿನ ನ್ಯಾಯಾಲಯವು ಎಪ್ಪತ್ತು ವರ್ಷದ ಸಾಕ್ರೆಟೀಸನಿಗೆ ಮರಣದಂಡನೆ ವಿಧಿಸಿತು. ಹಡಗು ಹೊರಟಿತು. ಗಾಳಿ ಎದುರಾದರೆ ಈ ಯಾತ್ರೆಗೆ ಬಹಳ ದಿನ ಹಿಡಿಯುತ್ತದೆಂದು ಪ್ಲೇಟೋ ಬರೆದಿದ್ದಾನೆ. ಆ ವರ್ಷ ಮೂವತ್ತು ದಿನ ಹಿಡಿಯಿತೆಂದು ಜೆನೊಫನ್ ಹೇಳುತ್ತಾನೆ. ಆ ಮೂವತ್ತು ದಿನ ಸಾಕ್ರೆಟೀಸ್ ಸಂಕೋಲೆಯಲ್ಲಿ ಕುಳಿತು ಗೆಳೆಯರೊಡನೆ ಮಾತನಾಡಿದ. ಎಂದೂ ಪದ್ಯ ಕಟ್ಟದವನು ಈಸೋಪನ ಕಥೆಗಳನ್ನು ಪದ್ಯಕ್ಕೆ ತಿರುಗಿಸಿದ. ಅಪೋಲೋ ದೇವನ ಮೇಲೊಂದು ಸ್ತೋತ್ರವನ್ನು ಬರೆದ. ಒಂದು ದಿನ ಇನ್ನೂ ಬೆಳಕು ಹರಿಯುವ ಮೊದಲೇ ಗೆಳೆಯ ಕ್ರೀಟೋ ಸೆರೆಮನೆಗೆ ಬಂದು ಮಲಗಿದ್ದವನ ಪಕ್ಕದಲ್ಲಿ ಸುಮ್ಮನೆ ಕುಳಿತ. ಸಾಕ್ರೆಟೀಸ್ ಎಚ್ಚರಗೊಂಡ ಮೇಲೆ ಸುದ್ದಿ ಹೇಳಿದ: ಸೂನಿಯೋದಿಂದ ಜನ ಬಂದಿದ್ದಾರೆ, ಹಡಗು ಅಲ್ಲಿಯವರೆಗೆ ಮುಟ್ಟಿದೆ, ಇಂದೇ ಬಂದೀತು. ಇಂದು ಬಾರದು, ನಾಳೆ ಬಂದೀತು ಎಂದ ಸಾಕ್ರೆಟೀಸ್. ಅವನಿಗೆ ಹಾಗೊಂದು ಕನಸು ಬಿದ್ದಿತ್ತು. ಹಡಗು ಬಂದಿತು. ಮರುದಿನ ಸೂರ್ಯ ಇನ್ನೂ ಬೆಟ್ಟಗಳ ಮೇಲಿರುವಾಗ ಅವನು ವಿಷದ ಬಟ್ಟಲನ್ನು ತರಿಸಿಕೊಂಡ.