ಒಂದೇ ತಂತಿಗೆ ಜೋತುಬಿದ್ದ ಅಂಗಡಿ, ಹಿಂದಿಗೆ ಶರಣಾದ ನಾಲಿಗೆ!

ಕನ್ನಡ ತರುಣರೇ, ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕೆಂಬ ಕಾನೂನು 2024ರಲ್ಲಿ ಬಂತು. ಬೀದಿಗಿಳಿದು ಕೂಗಿದ್ದಕ್ಕೆ ಬಂತು. ಸಂತೋಷ. ಆದರೆ ಆ ಬೋರ್ಡಿನ ಕೆಳಗೆ ಕೂತ ನಮ್ಮ ಹುಡುಗ ಇಂಟರ್‌ನೆಟ್ ಕೈಕೊಟ್ಟಾಗ ಯಾವ ಭಾಷೆಯಲ್ಲಿ ಗೋಗರೆಯುತ್ತಾನೆ, ಕೇಳಿದ್ದೀರಾ? "ಭಾಯ್ ಸಾಬ್, ಜಲ್ದೀ ಠೀಕ್ ಕರೋ ನಾ..."

ರಾಜಾಜಿನಗರದಲ್ಲೋ ಹನುಮಂತನಗರದಲ್ಲೋ ಒಂದು ಸೈಬರ್ ಅಂಗಡಿ ಎಂದಿಟ್ಟುಕೊಳ್ಳಿ. ಅರ್ಜಿ ತುಂಬಲು ಕಡೇ ದಿನ. ಹೊರಗೆ ಸಾಲು. ಆಗಲೇ ಫೈಬರ್ ಡಬ್ಬಿಯಲ್ಲಿ ಕೆಂಪು ದೀಪ! ಫೋನ್ ಮಾಡಿದರೆ ಕನ್ನಡಕ್ಕಾಗಿ ಇಂಥ ಸಂಖ್ಯೆ ಒತ್ತಿ ಎನ್ನುತ್ತದೆ ಯಂತ್ರ. ಒತ್ತಿದ ಮೇಲೆ ಮಾತಿಗೆ ಸಿಕ್ಕುವವನಿಗೆ ಹಿಂದಿ ಬಿಟ್ಟು ಬೇರೇನೂ ಬಾರದು. ದೂರು ಕೇಂದ್ರದ ಯಂತ್ರ ಮೊದಲ ಹಂತದಲ್ಲೇ ಭಾಷೆ ಆರಿಸಲು ಬಿಡಬೇಕೆಂದು ಟ್ರಾಯ್ 2012ರಲ್ಲೇ ನಿಯಮ ಮಾಡಿದೆ. ಯಂತ್ರಕ್ಕೇನೋ ಕನ್ನಡ ಕಲಿಸಿದರು, ಮನುಷ್ಯನಿಗೆ ಕಲಿಸುವವರು ಯಾರು?

ನಮ್ಮವನು ಜಗಳಕ್ಕೆ ಯಾಕೆ ನಿಲ್ಲುವುದಿಲ್ಲ? ಹೇಡಿ ಎಂದಲ್ಲ. ಅವನಿಗಿರುವುದು ಒಂದೇ ತಂತಿ! ಅದನ್ನು ಬಿಟ್ಟರೆ ಅಂಗಡಿಗೆ ಬೀಗ. ಬಿಟ್ಟುಹೋಗಲಾರದ ಗಿರಾಕಿಯ ಭಾಷೆಗೆ ಯಾವ ಕಂಪನಿಯೂ ಸೊಪ್ಪು ಹಾಕುವುದಿಲ್ಲ. ಎರಡನೇ ಸಂಪರ್ಕ ಶೋಕಿಯಲ್ಲ ಮಹಾಶಯರೇ, ಚೌಕಾಸಿಯ ಬಲ.

"ನನಗೆ ಆಗಲೇ ಎರಡು ಲೈನಿದೆ" ಎನ್ನುವ ಬುದ್ಧಿವಂತರೂ ಇದ್ದಾರೆ. ಸ್ವಲ್ಪ ತಲೆಯೆತ್ತಿ ಕಂಬ ನೋಡಿ! ಎರಡು ಕಂಪನಿಯ ಕೇಬಲ್ಲೂ ಒಂದೇ ಕಂಬದಿಂದ ಒಂದೇ ಮರಕ್ಕೆ ಸುತ್ತಿಕೊಂಡು ಬಂದಿರುತ್ತವೆ. ಬೆಸ್ಕಾಂನವರೋ ಪಾಲಿಕೆಯವರೋ ಕತ್ತರಿ ಹಾಕಿದರೆ ಎರಡೂ ಒಟ್ಟಿಗೆ ಢಮಾರ್. ದಾರಿ ಬೇರೆಯಾಗದೆ ಹೆಸರು ಬೇರೆಯಾದರೆ ಏನು ಬಂತು? ಒಂದು ಫೈಬರ್ ಇದ್ದರೆ ಇನ್ನೊಂದು ಬೇರೆ ಕಂಪನಿಯ 4ಜಿ ಅಥವಾ 5ಜಿ ಸಿಮ್ ಆಗಿರಲಿ. ಸಿಮ್ ಕೊಳ್ಳುವ ಮೊದಲು ಅಂಗಡಿಯ ಒಳಗೇ ನಿಂತು ಸಿಗ್ನಲ್ ನೋಡಿ, ಬೀದಿಯಲ್ಲಿ ನಿಂತಲ್ಲ.

ಎರಡನ್ನೂ ಡ್ಯುಯಲ್ ವ್ಯಾನ್ ರೌಟರಿಗೆ ಸಿಕ್ಕಿಸಿದರೆ, ಒಂದು ಸತ್ತಾಗ ಅದು ತಾನಾಗಿ ಇನ್ನೊಂದಕ್ಕೆ ಹೊರಳುತ್ತದೆ. ಆದರೆ ಇಲ್ಲೊಂದು ಮೋಸವಿದೆ. ಬೀದಿಯಲ್ಲಿ ಫೈಬರ್ ತುಂಡಾದರೂ ಒಳಗಿನ ಡಬ್ಬಿ ಜೀವಂತವಾಗಿಯೇ ಇರುತ್ತದೆ. ರೌಟರ್ ಎಲ್ಲ ಸರಿಯಿದೆ ಎಂದುಕೊಂಡು ತೆಪ್ಪಗಿರುತ್ತದೆ. 8.8.8.8ರಂಥ ಹೊರಗಿನ ವಿಳಾಸವನ್ನು ಆಗಾಗ ತಟ್ಟಿ ನೋಡುವಂತೆ ಅದಕ್ಕೆ ಹೇಳಿಡಬೇಕು. ಸಿಸಿಟಿವಿಯನ್ನು ಸಿಮ್ ಮೇಲೆ ಓಡಲು ಬಿಡಬೇಡಿ, ಡೇಟಾ ನುಂಗಿಹಾಕುತ್ತದೆ. ಕರೆಂಟು ಹೋದರೆ ಎರಡು ಲೈನೂ ದಂಡ, ಹಾಗಾಗಿ ಡಬ್ಬಿಗೂ ರೌಟರಿಗೂ ಪುಟ್ಟ ಯುಪಿಎಸ್ ಬೇಕು. ತಿಂಗಳಿಗೊಮ್ಮೆ ನೀವೇ ಫೈಬರ್ ಕಿತ್ತು ನೋಡಿ. ಇಷ್ಟೂ ಮಾಡಲು ಆಗದ ಬಡಪಾಯಿ ಅಂಗಡಿಗೆ ಮೊಬೈಲಿನ ಹಾಟ್‌ಸ್ಪಾಟ್ ಸಾಕು. ಏನೂ ಇಲ್ಲದ್ದಕ್ಕಿಂತ ಮೇಲು.

ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿ ಗಿರಾಕಿಯ ಫೋನಿನ ನೆಟ್‌ನಲ್ಲೇ ನಡೆಯುತ್ತದೆ, ಅದಕ್ಕೆ ಗಾಬರಿ ಬೇಡ. ನಿಲ್ಲುವುದು ಬಿಲ್ಲಿಂಗು, ಅರ್ಜಿ, ಜಿಎಸ್‌ಟಿ ಕೆಲಸ.

ಇಷ್ಟಾದ ಮೇಲೆ ಫೋನ್ ಎತ್ತಿ. ಈಗ ಅವಸರವಿಲ್ಲ, ಅಂಗಡಿ ಸಿಮ್ ಮೇಲೆ ಓಡುತ್ತಿದೆ. "ಕನ್ನಡದವರಿಗೆ ಕೊಡಿ, ಕಾಯುತ್ತೇನೆ" ಎನ್ನಿ. ದೂರಿನ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಸರಿಹೋಗದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ, ಕನ್ನಡದಲ್ಲೇ! ಅದಕ್ಕೂ ಬಗ್ಗದಿದ್ದರೆ ಮುಂದಿನ ತಿಂಗಳ ಬಾಡಿಗೆ ಕಟ್ಟಬೇಡಿ. ಯಾವ ಕಾರಣಕ್ಕೆ ಲೈನ್ ಬಿಡುತ್ತಿದ್ದೀರಿ ಎಂದು ಕನ್ನಡದಲ್ಲಿ ಪತ್ರ ಬರೆದು ಅವರ ಡಬ್ಬಿಯನ್ನು ಅವರಿಗೇ ವಾಪಸ್ ಕೊಟ್ಟು, ರಸೀದಿ ಪಡೆಯಿರಿ.