ಥೈರಾಯ್ಡ್ ಮಾತ್ರೆಗೆ ರಮಝಾನ್ ರಜೆ ಬೇಡ

ಮನೆಯ ಸೊಸೆ ಮಧ್ಯಾಹ್ನವೇ ಸುಸ್ತೆಂದು ಮಲಗಿದರೆ, ಮೈ ದಪ್ಪವಾದರೆ, ಹೇಳಿದ್ದನ್ನು ಮರೆತರೆ 'ಸೋಮಾರಿ' ಎಂದುಬಿಡುತ್ತೇವೆ. ಎಲ್ಲ ಸುಸ್ತಿಗೂ ಥೈರಾಯ್ಡ್ ಕಾರಣವಲ್ಲ, ನಿಜ. ಆದರೆ ಒಂದು ರಕ್ತಪರೀಕ್ಷೆಯನ್ನೂ ಮಾಡಿಸದೆ ತೀರ್ಪು ಕೊಡುವುದು ಅನ್ಯಾಯ.

ಕುತ್ತಿಗೆಯ ಮುಂಭಾಗದಲ್ಲಿರುವ ಚಿಟ್ಟೆಯಾಕಾರದ ಈ ಗ್ರಂಥಿಯ ಹಾರ್ಮೋನು ದೇಹದ ಕೆಲಸಗಳ ವೇಗವನ್ನು ನಿಯಂತ್ರಿಸುತ್ತದೆ. ಅದು ಕಡಿಮೆಯಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸಿ ಥೈರಾಯ್ಡನ್ನು ಎಬ್ಬಿಸಲು ನೋಡುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಟಿಎಸ್‌ಎಚ್ ಏರಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನು ಸಾಲುತ್ತಿಲ್ಲವೆಂದೇ ಅರ್ಥ.

ಇದಕ್ಕೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ರಮಝಾನಿನಲ್ಲಿ ಕೈಬಿಡುವವರಿದ್ದಾರೆ, ಸಹರಿಯ ಚಹಾದೊಂದಿಗೆ ನುಂಗುವವರೂ ಇದ್ದಾರೆ. ಚಹಾ, ಆಹಾರ ಜೊತೆಯಾದರೆ ಅದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ದಿನಕ್ಕೊಂದೇ ಮಾತ್ರೆ, ಉಪವಾಸಕ್ಕೆ ಅಡ್ಡಿಯೇನಿಲ್ಲ. ಸಹರಿಯ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಬರೀ ನೀರಿನಲ್ಲಿ ತೆಗೆದುಕೊಳ್ಳಿ. ಇಲ್ಲವೇ ತರಾವೀಹ್ ಬಳಿಕ, ಕೊನೆಯ ಊಟವಾಗಿ 3 ಗಂಟೆ ಕಳೆದ ಮೇಲೆ. ನಿಮಗೆ ಯಾವುದು ಹೊಂದುತ್ತದೆಂದು ವೈದ್ಯರನ್ನು ರಮಝಾನಿಗೆ ಮುಂಚೆಯೇ ಕೇಳಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರವಿರಲಿ.

ಸಂಬಂಧ ತಪ್ಪುತ್ತದೆಂದು ಮಗಳ ಥೈರಾಯ್ಡನ್ನು ಮುಚ್ಚಿಡುವ ತಾಯಂದಿರಿಗೆ ಒಂದು ಮಾತು. ಗಂಡನ ಮನೆಯಲ್ಲಿ ಅವಳು ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಕೊನೆಗೆ ಬಿಟ್ಟೇಬಿಡುತ್ತಾಳೆ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನು ನೆಚ್ಚಿಕೊಂಡು. 'ಬಸುರಿಗೆ ಮಾತ್ರೆ ಬೇಡ' ಎಂಬ ಮಾತು ಇಲ್ಲಿ ಸಲ್ಲದು. ಆಗ ಹೆಚ್ಚಿನವರಿಗೆ ಪ್ರಮಾಣವನ್ನು ಏರಿಸಬೇಕಾಗುತ್ತದೆ. ಗರ್ಭ ನಿಂತದ್ದು ತಿಳಿದ ಕೂಡಲೇ ವೈದ್ಯರ ಬಳಿ ಕರೆದೊಯ್ದು ಟಿಎಸ್‌ಎಚ್ ನೋಡಿಸಿ.