ಅರಳು ಮರಳು ಅಂತ ಸುಮ್ಮನಾಗುವ ಮುನ್ನ

ಅರವತ್ತಕ್ಕೆ ಅರಳು ಮರಳು ಅಂತಾರೆ. ನಮ್ಮಜ್ಜನಿಗೆ ಎಪ್ಪತ್ತಾರು. ಹಾಗಾಗಿ ಕಳೆದ ಹಿಂಗಾರಿಯಲ್ಲಿ "ಎರಿ ಹೊಲಕ್ಕ ಕಡ್ಲಿ ಬಿತ್ತಿದ್ರೇನು?" ಎಂದು ಒಂದೇ ದಿನ ನಾಲ್ಕು ಸಲ ಕೇಳಿದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. "ವಯಸ್ಸಾತು, ಇನ್ನ ಹಂಗ" ಅಂದ ಅಪ್ಪ. ಬೆಂಗಳೂರಿನಲ್ಲಿದ್ದ ನಾನೂ ಅದನ್ನೇ ನಂಬಿದೆ. ಫೋನ್‌ನಲ್ಲಿ ಊಟ ಆಯ್ತಾ ಅಂದರೆ ಅಜ್ಜ ಮಳೆ ಸುದ್ದಿ ಹೇಳುತ್ತಿದ್ದ.

ದೀಪಾವಳಿಗೆ ನವಲಗುಂದದ ಹತ್ತಿರದ ನಮ್ಮೂರಿಗೆ ಹೋದೆ. ಸಂಜೆಯಾದರೆ ಹಣಮಪ್ಪನ ಗುಡಿ ಕಟ್ಟೆ ಬಿಡದಿದ್ದ ಅಜ್ಜ, ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ.

"ಯಾಕಜ್ಜಾ, ಕಟ್ಟಿಗಿ ಹೋಗಂಗಿಲ್ಲೇನು?" ಎರಡು ಸಲ ಜೋರಾಗಿ ಕೇಳಿದ ಮೇಲೆ ಉತ್ತರ ಬಂತು.

"ಅಲ್ಲೇನೈತಿ ಯವ್ವಾ? ಈಗಿನ ಮಂದಿ ಎಲ್ಲಾ ಪಿಸುಪಿಸು ಮಾತಾಡ್ತಾರ."

ಆ ಮಾತು ತಲೆಯಲ್ಲೇ ಉಳಿಯಿತು. ರಾತ್ರಿ ಫೋನ್ ಹಿಡಿದು ಮಿದುಳಿನ ಬಗ್ಗೆ ಓದುತ್ತಾ ಕೂತೆ.

1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ವಿಚಿತ್ರ ಗಮನಿಸಿದ್ದರು. ಸ್ಕ್ಯಾನರ್‌ನಲ್ಲಿ ಮನುಷ್ಯ ಸುಮ್ಮನೆ ಮಲಗಿದ್ದಾಗಲೂ, ಮಿದುಳಿನ ಎಡಬಲಗಳಲ್ಲಿ ಕೈ ಆಡಿಸುವ ಭಾಗಗಳ ಚಟುವಟಿಕೆ ಒಟ್ಟಿಗೇ ಏರಿಳಿಯುತ್ತಿತ್ತು. ದೂರ ಇದ್ದರೂ ನಂಟು ಬಿಟ್ಟಿರಲಿಲ್ಲ. ಇಂಥ ಎಷ್ಟೋ ಜಾಲಗಳು ತಲೆಯೊಳಗಿವೆ ಎಂದು ಆಮೇಲೆ ತಿಳಿಯಿತು. ವಯಸ್ಸಾದಂತೆ ಈ ನಂಟು ಸಡಿಲವಾಗುತ್ತದೆ. ನಮ್ಮ ನವಲಗುಂದದ ಜಮಖಾನೆ ಇದ್ದಂತೆ: ಬಣ್ಣ ಮಾಸಿದರೂ ನಡೆದೀತು, ಹಾಸುಹೊಕ್ಕು ಗಟ್ಟಿ ಇರಬೇಕು.

ಆದರೆ ಎಲ್ಲರಲ್ಲೂ ಅದು ಒಂದೇ ವೇಗದಲ್ಲಿ ಸಡಿಲವಾಗುವುದಿಲ್ಲ. ಯಾಕೆ? ಇದನ್ನು ನಮ್ಮ ರಾಜ್ಯದಲ್ಲೇ ಹುಡುಕುತ್ತಿದ್ದಾರೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್, 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿ, ರಕ್ತ, ಮಿದುಳಿನ ಎಂಆರ್‌ಐ ಎಲ್ಲ ಪರೀಕ್ಷಿಸುತ್ತಿದೆ. ಗುರಿ 10,000 ಜನ. ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡುವುದೇ ಇದರ ವಿಶೇಷ. ಶಾಲೆ ಕಲಿಯದ, ಹೊಲದಲ್ಲಿ ದುಡಿದ ನಮ್ಮಜ್ಜನಂಥವರ ಮಿದುಳು ಹೇಗೆ ವಯಸ್ಸಾಗುತ್ತದೆ ಅನ್ನುವುದು ನಗರದವರ ಸ್ಕ್ಯಾನ್ ನೋಡಿದರೆ ಗೊತ್ತಾಗುವುದಿಲ್ಲ ತಾನೆ?

ನನ್ನನ್ನು ಎಬ್ಬಿಸಿ ಕೂರಿಸಿದ್ದು ಇನ್ನೊಂದು ಸಂಗತಿ. 2024ರಲ್ಲಿ ಲ್ಯಾನ್ಸೆಟ್ ಆಯೋಗ, ಡಿಮೆನ್ಶಿಯಾಕ್ಕೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಮಂದ ದೃಷ್ಟಿ, ಒಂಟಿತನ... ಜೊತೆಗೆ ಕಿವಿ ಕೇಳಿಸದಿರುವುದು. ಎಲ್ಲವನ್ನೂ ನಿಭಾಯಿಸಿದರೆ ಸುಮಾರು 45% ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬ ಅಂದಾಜು. ಕಿವಿ ಕೇಳದಿದ್ದರೆ ಮಾತು ಕಡಿಮೆ, ಮಾತು ಕಡಿಮೆಯಾದರೆ ಕಟ್ಟೆ ದೂರ. ಹೊರಗಿನ ನಂಟು ಕಡಿದುಕೊಂಡ ಮೇಲೆ ಒಳಗಿನ ನಂಟಿಗೆ ಕೆಲಸ ಎಲ್ಲಿ?

ಮಂದಿ ಪಿಸುಗುಡುತ್ತಿರಲಿಲ್ಲ. ಅಜ್ಜನಿಗೆ ಕೇಳುತ್ತಿರಲಿಲ್ಲ.

ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಮಂದ. ಯಂತ್ರ ಹಾಕಿಸಿದೆವು. ಮೊದಲ ವಾರ "ಗಲಾಟಿ ಭಾಳ" ಎಂದು ಕಿತ್ತು ಕಿಸೆಗೆ ಹಾಕಿಕೊಂಡ. ತಿಂಗಳಾದ ಮೇಲೆ ಕಟ್ಟೆಗೆ ಹೋದ.

ಮರೆವು ಪೂರ್ತಿ ಹೋಯಿತೇ? ಇಲ್ಲ. ಕಿವಿಯಂತ್ರ ಮರೆವಿಗೆ ಮದ್ದಲ್ಲ. ಕೇಳಿಸದೆ ತಪ್ಪು ಉತ್ತರ ಕೊಡುವುದು ನಿಂತಿದೆ, ಕೇಳಿದ್ದನ್ನೇ ಕೇಳುವುದು ಉಳಿದಿದೆ. ಅದಕ್ಕಾಗಿ ಧಾರವಾಡದ ಡಿಮ್ಹಾನ್ಸ್‌ಗೆ ತೋರಿಸುವುದು ಇನ್ನೂ ಬಾಕಿ ಇದೆ, ಮುಂದಿನ ರಜೆಗೆ.

ನೀವೂ ಈ ಸಲ ಊರಿಗೆ ಹೋದಾಗ ಸ್ವಲ್ಪ ಗಮನಿಸಿ. ಟಿವಿ ಸೌಂಡ್ ಎಷ್ಟಿದೆ? ಕನ್ನಡಕ ಯಾವ ಕಾಲದ್ದು? ಬಿಪಿ, ಸಕ್ಕರೆ ನೋಡಿಸಿ ಎಷ್ಟು ದಿನವಾಯಿತು? ಮೊದಲು ಎಲ್ಲಿಗೆ ಹೋಗುತ್ತಿದ್ದವರು ಈಗ ಹೋಗುತ್ತಿಲ್ಲ?

ಮೊನ್ನೆ ಅಜ್ಜ ಫೋನ್‌ನಲ್ಲಿ "ಊರಿಗೆ ಯಾವಾಗ ಬರ್ತಿ?" ಎಂದು ಮೂರನೇ ಸಲ ಕೇಳಿದ. "ಯುಗಾದಿಗಿ ಬರ್ತೀನಜ್ಜಾ!" ಅಂದೆ, ಹಳೇ ರೂಢಿಯಂತೆ ಜೋರಾಗಿ.

"ಇಷ್ಟ್ಯಾಕ ಒದರ್ತಿ ಯವ್ವಾ," ಅಂದ. "ಕೇಳಸ್ತೈತಿ."